ಸ್ನಾನದ ಕುರ್ಚಿ

ಸ್ನಾನದ ಕುರ್ಚಿಯ ಬೆಲ್ಟು ಹರಿದು ಬಹಳ ಕಾಲವಾಗಿತ್ತು. ಒಂದು ಕಾಲೂ ಓಲಾಡುತ್ತಿತ್ತು. ಹೊಸ ಬೆಲ್ಟು ತರಿಸಿ ಎಂದು ದೊಡ್ಡ ಆಯಾ ಮ್ಯಾನೇಜರ್‌ಗೆ ಹೇಳಿ ಹೇಳಿ ಸೋತಳು. ಕಡೆಗೆ ತನ್ನ ಮನೆಯ ಹಳೇ ಹೊದಿಕೆ ಹರಿದು ತಂದು ಬೆಲ್ಟಿನ ಜಾಗಕ್ಕೆ ಪಟ್ಟಿ ಕಟ್ಟಿದಳು. ಅಂಗವಿಕಲರ ಆ ಆಶ್ರಯಮನೆಯಲ್ಲಿ ಸ್ನಾನಕ್ಕೆ ಕಾಯುವವರು ತುಂಬ ಜನ, ಮೀಯಿಸುವವರು ಇಬ್ಬರೇ ಆಯಾಗಳು.

ಇವತ್ತು ಬೆಳಿಗ್ಗೆ ಸೋಪುನೀರಿಗೆ ಗಂಟು ಜಾರಿತು. ಅರ್ಧ ಮೈ ಸ್ವಾಧೀನವಿಲ್ಲದ ಟೈಲರ್ ಮಾವ ನೆಲಕ್ಕೆ ಬಿದ್ದರು. ಹುಬ್ಬು ಒಡೆಯಿತು, ಭುಜ ಊದಿತು. ಡಾಕ್ಟರು ಹೊಲಿಗೆ ಹಾಕಿ ಹೋದ ಮೇಲೆ ಮ್ಯಾನೇಜರ್ ಬಚ್ಚಲಿಗೇ ಬಂದ. ಅನಾಹುತವಾದ ದಿನವೇ ಮೇಲಿನವರಿಗೆ ವರದಿ ಹೋಗಬೇಕೆಂಬುದು ನಿಯಮ.

"ಈ ಚಿಂದಿ ಕಟ್ಟಿದ್ದು ಯಾರು?"

"ನಾನೇ ಸಾರ್. ಬೆಲ್ಟು ಬರಲಿಲ್ವಲ್ಲ."

"ಹಾಗಾದ್ರೆ ತಪ್ಪು ನಿಂದೇ ಆಯ್ತು. ಕೆಲಸ ಹೋಗುತ್ತೆ." ದನಿ ತಗ್ಗಿಸಿದ. "ಬೇಡ ಅಂದ್ರೆ ಒಂದು ದಾರಿ ಇದೆ. ಅವರೇ ಒದ್ದಾಡಿ ಬಿದ್ರು ಅಂತ ಬರೆಯೋಣ. ಯಾರಿಗೂ ತೊಂದ್ರೆ ಇಲ್ಲ."

"ಮಾವನಿಗೆ?"

"ಇನ್ಮೇಲೆ ಅವರಿಗೆ ಬಚ್ಚಲು ಬೇಡ. ಮಂಚಕ್ಕೆ ಕೈ ಕಟ್ಟಿ ಮೈ ಒರೆಸಿದ್ರೆ ಸಾಕು. ಒದ್ದಾಡೋರಿಗೆ ಹಾಗೇ ಮಾಡೋದು."

ದೊಡ್ಡ ಆಯಾ ಗೋಡೆಗೆ ಒರಗಿದಳು. ಮನೆಯಲ್ಲಿ ಒಲೆ ಉರಿಯುವುದು ಇವಳೊಬ್ಬಳ ದುಡಿಮೆಯಿಂದ. ಹೂಂ ಅಂದರೆ ಮುಗಿಯಿತು. ಆದರೆ ಬೆನ್ನಿಗೆ ಬಿಸಿನೀರು ಬಿದ್ದಾಗ ಮಾವ ಕಣ್ಣು ಮುಚ್ಚಿ ಹಾಡು ಗುನುಗುತ್ತಾರೆ. ಶ್ರುತಿ ಎಲ್ಲೋ, ಹಾಡು ಎಲ್ಲೋ. ದಿನವೆಲ್ಲ ಅವರಿಗಿದ್ದ ಸುಖ ಅದೊಂದೇ.

"ಅವರನ್ನೂ ಒಂದು ಮಾತು ಕೇಳಿ ಸಾರ್," ಅಂದಳು.

"ಅವರಿಗೇನು ತಿಳಿಯುತ್ತೆ?"

ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದ ಮಾವನ ತುಟಿ ಅಲುಗಿತು. ಅವರ ಮಾತು ಬಹಳ ನಿಧಾನ.

"ಬಿದ್ದದ್ದು... ನಾನು. ಒದ್ದಾಡ್ತಿರೋದು... ಇವ್ರು."

ಬಾಗಿಲಲ್ಲಿ ಚಿಕ್ಕ ಆಯಾ ಕಿಸಕ್ಕೆಂದಳು. ಅವಳ ಹಿಂದೆ ಅಡುಗೆಯವನೂ ಬಂದು ನಿಂತಿದ್ದ.

"ಆ ಸುಳ್ಳಿಗೆ ನಾನು ಸೈ ಹಾಕಲ್ಲ ಸಾರ್," ದೊಡ್ಡ ಆಯಾ ಮೆಲ್ಲಗೆ ಅಂದಳು. "ಕಟ್ಟಿದ್ದು ನಾನೇ ಅಂತ ಬರೀರಿ. ಯಾಕೆ ಕಟ್ಟಿದೆ ಅನ್ನೋದನ್ನೂ ಬರೀರಿ."

"ನಿನ್ನೆ ನಾನೂ ಕಟ್ಟಿದೀನಿ. ನನ್ನನ್ನೂ ಸೇರಿಸಿ," ಅಂದಳು ಚಿಕ್ಕ ಆಯಾ. "ಬೆಲ್ಟು ಬರೋ ತನಕ ಇದರಲ್ಲಿ ಯಾರನ್ನೂ ಕೂರಿಸಲ್ಲ, ಅಷ್ಟೇ."

"ಕುರ್ಚಿಗೇನಾಗಿದೆ ದಾಡಿ? ಗಟ್ಟಿಯಾಗೇ ಇದೆ."

"ಹಾಗಾದ್ರೆ ನೀವೇ ಒಂದ್ಸಲ ಕೂತ್ಕೊಳ್ಳಿ ಸಾರ್," ಅಂದ ಅಡುಗೆಯವ.

ಮ್ಯಾನೇಜರ್ ಕುರ್ಚಿಯ ಕಾಲು ನೋಡಿದ. ಒದ್ದೆ ನೆಲ ನೋಡಿದ. ನಿಂತೇ ಇದ್ದ.

ಮಾವನ ತುಟಿ ಮತ್ತೆ ಅಲುಗಿತು. ಈ ಸಲ ಎಲ್ಲರೂ ಕಾದರು.

"ಬರ್ಕೊಳ್ಳಿ," ಅಂದರು. "ಮ್ಯಾನೇಜರ್ರು... ಕೂರಲಿಲ್ಲ."