ಅರ್ಧಕ್ಕೆ ಬಿಟ್ಟ ಹಾಸು

ಬಾಲರಾಮಪುರದ ನೇಕಾರರ ಬೀದಿಯಲ್ಲಿ ಬಿಸಿಲೇರುವ ಮುಂಚೆ, ಮಗ್ಗಕ್ಕೆ ಏರಿಸುವ ಹಾಸುನೂಲಿಗೆ ಗಂಜಿ ಬಳಿದು ಮುಗಿಯಬೇಕು. ಅಂದು ತಂಗಮಣಿಯ ಮನೆಯ ಸರದಿ. ಬೀದಿಯುದ್ದಕ್ಕೂ ಬಿಗಿದು ಕಟ್ಟಿದ ನೂಲಿನ ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ನೆರೆಮನೆಯ ಚೆಲ್ಲಮ್ಮ, ಇಬ್ಬರೂ ಕುಂಚ ಎಳೆಯುತ್ತ ಜೊತೆಯಾಗಿ ಸಾಗುತ್ತಿದ್ದರು. ಆಚೆ ತುದಿಯಲ್ಲಿ ಗಂಡ ನಟೇಶನ್ ಹಗ್ಗ ಬಿಗಿಯುತ್ತಿದ್ದ.

"ಕೈ ಓಡಿಸೇ ತಂಗಮಣಿ," ಎಂದಳು ಚೆಲ್ಲಮ್ಮ. "ಸೂರ್ಯ ನಿನ್ನ ಗಂಡನ ಥರ ಅಲ್ಲ, ಹೊತ್ತಿಗೆ ಸರಿಯಾಗಿ ಬಂದುಬಿಡ್ತಾನೆ."

ಅಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಡಾಕ್ಟರಮ್ಮ. ಮಗಳು ಮೈಥಿಲಿಯ ಮಂಡಿಯ ಮೇಲಿನ ಎಲುಬಿನ ಗೆಡ್ಡೆ ರಕ್ತನಾಳಕ್ಕೆ ತಾಗಿದೆಯಂತೆ. ವಾರದ ಹಿಂದೆ ಹೇಳಿದ್ದ ಎರಡೇ ದಾರಿ: ಎಲುಬಷ್ಟೇ ತೆಗೆದು ಉಕ್ಕಿನ ಸಲಾಕೆ ಕೂರಿಸಬಹುದು, ಆದರೆ ರೋಗದ ಬೇರು ಉಳಿದೀತು. ಕಾಲನ್ನೇ ತೆಗೆದರೆ ಜೀವಕ್ಕೆ ಹೆಚ್ಚು ಭರವಸೆ. ನಾಳೆಯೊಳಗೆ ಒಪ್ಪಿಗೆ ಬೇಕು. ಮಗುವಿಗೆ ಹನ್ನೊಂದು ವರ್ಷ, ಅವಳಿಗೆ ನೀವೇ ತಿಳಿಸಿ ಎಂದು ಆಕೆ ಈ ಸಲವೂ ಹೇಳಿದರು.

ತಂಗಮಣಿ ಕುಂಚವನ್ನು ಹಸಿ ನೂಲಿನ ಮೇಲೆಯೇ ಇಟ್ಟು ಮನೆಯ ಕಡೆ ನಡೆದಳು.

ಗಂಜಿ ಹಿಡಿದ ಹಾಸನ್ನು ಆ ಬೀದಿಯಲ್ಲಿ ಯಾರೂ ಅರ್ಧಕ್ಕೆ ಬಿಟ್ಟವರಿಲ್ಲ. ಒಣಗಿದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಚೆಲ್ಲಮ್ಮ ಹೆರಿಗೆ ನೋವಿನಲ್ಲೂ ಕೊನೆಯ ಮೊಳದವರೆಗೆ ಬಳಿದೇ ಒಳಗೆ ಹೋದವಳು. ಈಗ ಅವಳು ತಂಗಮಣಿಯ ಕುಂಚವನ್ನೂ ನೂಲಿನಿಂದ ಬಿಡಿಸಿಕೊಂಡಳು. ಎದುರು ಮನೆಯವರು ಕರೆಯದೆಯೇ ಬಂದು ಕೈ ಹಾಕಿದರು.

ಜಗಲಿಯ ಮೇಲೆ ಮೈಥಿಲಿ, ಊದಿದ ಕಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದಳು. ಊತಕ್ಕೆ ಔಷಧಿ ನಡೆಯುತ್ತಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ತಂಗಮಣಿ ಪಕ್ಕದಲ್ಲಿ ಕೂತಳು. ಹಿಂದೆಯೇ ನಟೇಶನ್ ಬಂದ. ಮಗ್ಗದ ಗುಂಡಿಗೆ ಇಳಿದು ತುಳಿಯುವವರಿಗೆ ಎರಡು ಕಾಲೂ ಬೇಕು ಎಂದು ವಾರದಿಂದ ಹಟ ಹಿಡಿದಿದ್ದವನು, ಹೆಂಡತಿಯ ಮುಖ ನೋಡಿ ಕಂಬಕ್ಕೆ ಒರಗಿದ. "ಜೀವ ಇರ್ಲಿ," ಎಂದ. ಅಷ್ಟು ಮೆಲ್ಲಗೆ, ತಂಗಮಣಿಗೆ ಮಾತ್ರ ಕೇಳುವಷ್ಟು.

ಇನ್ನು ಮಗಳಿಗೆ ಹೇಳುವುದೊಂದೇ ಬಾಕಿ. ಎಷ್ಟೋ ದಿನದಿಂದ ಅಡುಗೆಮನೆಯಲ್ಲಿ ಒಬ್ಬಳೇ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ತಂಗಮಣಿ ಬೇರೆಯದನ್ನೇ ಹೇಳಿದಳು.

"ಊತ ಸ್ವಲ್ಪ ಜಾಸ್ತಿ ಆಗಿದೆಯಂತೆ, ಮಗಳೇ."

"ಊತಕ್ಕೆ ಯಾರಾದ್ರೂ ಹಾಸು ಬಿಟ್ಟು ಬರ್ತಾರಾ?"

ತಂಗಮಣಿ ಗಂಜಿ ಮೆತ್ತಿದ ಕೈಯಲ್ಲೇ ಮಗಳ ಪಾದ ಹಿಡಿದಳು. ಮೈಥಿಲಿ ಪಾದ ಎಳೆದುಕೊಳ್ಳಲಿಲ್ಲ. ತೊಡೆಯ ಮೇಲೆ ಬೆರಳಿಟ್ಟು, ಒಂದಿಷ್ಟು ಕೆಳಗೆ ಸರಿಸಿ, ಮತ್ತೆ ಮೇಲಕ್ಕೆ ತಂದಳು.

"ಅಮ್ಮಾ, ಎಲ್ಲೀವರೆಗೆ ಕತ್ತರಿಸ್ತಾರೆ?"