ಎರಡು ತೂತಿನ ಪೊಟ್ಟಣಗಳು

2023ರ ಏಪ್ರಿಲ್ 19, ಬುಧವಾರ, ಬೆಳಿಗ್ಗೆ ಒಂಬತ್ತೂಕಾಲು. ಓನಾಹ್ ಕಪ್ಪು ಬಕೆಟ್ಟಿನ ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸಿ, ಸೊಸೆ ನೆಂದೆನ್ ಕಡೆ ತಿರುಗಿದಳು.

"ಇನ್ನು ಇದರ ತಂಟೆಗೆ ಹೋಗ್ಬೇಡ, ನೆಂಗ್. ಶನಿವಾರ ಹಬ್ಬದ ನಮಾಜು ಮುಗೀಲಿ, ಆಮೇಲೆ ತೆಗೆಯೋಣ."

ಬಕೆಟ್ಟಿನ ತುಂಬ ತಪೆ, ಹಬ್ಬಕ್ಕೆಂದು ಹುಳಿಸುವ ಸಿಹಿ ಅನ್ನ. ಚಕ್ರಮುನಿ ಸೊಪ್ಪಿನ ರಸದಲ್ಲಿ ಹಸಿರಾದ ಅಂಟಕ್ಕಿಯ ಅನ್ನಕ್ಕೆ ಹೆಪ್ಪಿನ ಪುಡಿ ಉದುರಿಸಿ, ಪನ್ನೇರಳೆ ಎಲೆಯಲ್ಲಿ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಗರಿಕಡ್ಡಿ ಚುಚ್ಚಿ ಜೋಡಿಸಿದ್ದರು. ಮದುವೆಯಾಗಿ ಐದು ವರ್ಷಕ್ಕೆ ಮೊದಲ ಸಲ ಹಬ್ಬದ ತಪೆಗೆ ನೆಂದೆನ್ ಕೈಯಿಂದಲೇ ಹೆಪ್ಪು ಬಿದ್ದಿತ್ತು. ಗಂಡ ದಾದಾನನ ದೊಡ್ಡಮ್ಮ, ಉವಾ ಏರೊಹ್, ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ನೋಡುತ್ತ ನಿಂತಿದ್ದಳು. "ಊರಿನ ನಲ್ಲಿ ನೀರು ಪರೀಕ್ಷೆ ಮಾಡೋ ಕೈ. ಅನ್ನ ಹುಳಿಸೋಕೆ ಬರುತ್ತೋ ಇಲ್ವೋ! ತಳದಲ್ಲಿ ಒಂದು ಲೋಟ ರಸ ನಿಂತ್ರೆ ತಪೆ. ಇಲ್ದಿದ್ರೆ ತಂಗಳನ್ನ, ಅಷ್ಟೇ."

ನೆಂದೆನ್ ನಕ್ಕಳು. ಅದಾಗಿ ಎರಡು ಗಂಟೆಯೂ ಕಳೆದಿರಲಿಲ್ಲ, ಬಚ್ಚಲಿಗೆ ಹೋದವಳಿಗೆ ತಾನು ಮುಟ್ಟಾಗಿರುವುದು ಗೊತ್ತಾಯಿತು.

ಮೂರು ವಾರ ತಡವಾಗಿತ್ತು. ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಆದರೂ ಅತ್ತೆ ಬಕೆಟ್ಟನ್ನು ಎತ್ತಲು ಬಿಡದೆ, "ಇಡು, ಇಡು, ನಾನಿದ್ದೀನಲ್ಲ" ಎಂದು ತಾನೇ ಎತ್ತಿದ್ದಳು. ಕಣ್ಣೀರು ಬರುವುದಕ್ಕೂ ಮೊದಲು ನೆಂದೆನ್‌ಗೆ ನೆನಪಾದದ್ದು ಆ ಬಕೆಟ್ಟು. ಮುಟ್ಟಾದವಳ ಕೈ ತಾಗಿದರೆ ತಪೆ ಕೆಂಪಾಗುತ್ತದೆ ಎಂಬುದು ಸಿರೆಮಾಯ್ ಬೆಟ್ಟದ ತಪ್ಪಲಿನಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು. ಕೈ ತಾಗಿದ್ದು ಮೊದಲು, ಮುಟ್ಟಾದದ್ದು ಆಮೇಲೆ ಎಂದು ಲೆಕ್ಕ ಹಾಕಿದಳು. ಹೆಪ್ಪಿನಲ್ಲಿರುವ ಜೀವಿಗಳಿಗೆ ಅದು ಗೊತ್ತಾಗುವುದಾದರೂ ಹೇಗೆ ಎಂದು ತನಗೆ ತಾನೇ ಪಾಠ ಹೇಳಿಕೊಂಡಳು. ಪಾಠ ತಲೆಗೆ ಹತ್ತಿತು, ಎದೆಗೆ ಇಳಿಯಲಿಲ್ಲ. ಮುಚ್ಚಳ ತೆಗೆದಾಗ ತಪೆ ಕೆಂಪಾಗಿದ್ದರೆ, ಹಬ್ಬದ ದಿನ, ಉವಾ ಏರೊಹ್‌ಳ ಪಡಸಾಲೆಯಲ್ಲಿ, ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ.

ಅವಳು ಉಪವಾಸವನ್ನೂ ಬಿಡಲಿಲ್ಲ. ಮುಟ್ಟಿನ ದಿನಗಳಲ್ಲಿ ಉಪವಾಸವೂ ಇಲ್ಲ, ನಮಾಜೂ ಇಲ್ಲ; ಬಿಟ್ಟರೆ ಅತ್ತೆಗೆ ಕಾರಣ ತಿಳಿಯುತ್ತದೆ. ನಮಾಜಿನ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಬಿಳಿ ನಿಲುವಂಗಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಕೂತಲ್ಲಿಗೆ ಅಡುಗೆಮನೆಯ ಮೂಲೆಯಲ್ಲಿದ್ದ ಬಕೆಟ್ಟು ಕಾಣುತ್ತಿರಲಿಲ್ಲ. ಆದರೆ ಅದು ಅಲ್ಲೇ ಇತ್ತು.

ಗುರುವಾರ ಮಧ್ಯಾಹ್ನ ಅತ್ತೆ ಸಂತೆಗೆ ಹೋದದ್ದೇ ತಡ, ನೆಂದೆನ್ ಮುಚ್ಚಳ ಎತ್ತಿದಳು. ಒಂದೇ ಒಂದು ಪೊಟ್ಟಣ. ಕಡ್ಡಿ ಎಳೆದು ಎಲೆ ಬಿಡಿಸಿದರೆ ಒಳಗೆ ಅಂಟಂಟಾದ ಹಸಿರು ಅನ್ನ, ವಾಸನೆಯಿಲ್ಲ, ರುಚಿಯಿಲ್ಲ. ಮತ್ತೆ ಮಡಚಿ ಕಡ್ಡಿ ಚುಚ್ಚಿದಳು. ಮಾಗಿಲ್ಲ ಎಂದುಕೊಂಡಳು. ಮಾಗದೇ ಹೋದರೆ? ಸಂಜೆ ಇನ್ನೊಂದನ್ನು ಬಿಡಿಸಿದಳು. ಎಲೆಯ ಅಂಚಿನಲ್ಲಿ ಕೆಂಪು ಗೆರೆಯೊಂದು ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದು ಎಳೆ ಎಲೆಯ ಸ್ವಂತ ಬಣ್ಣ. ಗೊತ್ತಾಯಿತು, ಆದರೂ ಖಾತ್ರಿಗೆಂದು ಮೂರನೆಯದನ್ನು ಬಿಡಿಸಿದಳು.

ಶುಕ್ರವಾರ ಬೆಳಿಗ್ಗೆ, ಅತ್ತೆ ಹಿತ್ತಿಲಲ್ಲಿದ್ದಾಗ, ನಿನ್ನೆ ಬಿಡಿಸಿದ್ದನ್ನೇ ಮೂಸಿದಳು. ಮೂಗಿಗೆ ಹೊಡೆಯುವಂಥ ಹುಳಿ. ನಾಲ್ಕನೆಯದನ್ನು ಬಿಡಿಸಿದಾಗ ಅದು ಹೇಗಿದೆ ಎಂದು ತಿಳಿಯುವಷ್ಟು ಸಮಾಧಾನವೂ ಅವಳಲ್ಲಿ ಉಳಿದಿರಲಿಲ್ಲ. ಪೇಟೆಯಲ್ಲಿ ಇಂಥದ್ದೇ ಕಪ್ಪು ಬಕೆಟ್ಟುಗಳಲ್ಲಿ ತಪೆ ಮಾರುತ್ತಾರೆ. ಒಂದನ್ನು ತಂದು ಇದರ ಜಾಗದಲ್ಲಿ ಇಟ್ಟುಬಿಟ್ಟರೆ? ಇದನ್ನು ಕಾಲುವೆಗೆ ಸುರಿದರೆ ಯಾರಿಗೆ ಗೊತ್ತಾಗುತ್ತದೆ? ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

"ಎಲ್ಲಿಗೆ ಸವಾರಿ?"

ಹಿತ್ತಿಲ ಬಾಗಿಲಲ್ಲಿ ಓನಾಹ್ ನಿಂತಿದ್ದಳು.

"ಎಮಾ... ಇದು ಕೆಟ್ಟಿದೆ."

"ಕೆಡದೆ ಇನ್ನೇನು? ಬೇಯೋ ತನಕ ಇದ್ದೋಳಿಗೆ ಆರೋ ತನಕ ಇರೋಕಾಗ್ಲಿಲ್ವಲ್ಲ!" ಓನಾಹ್ ಬಂದು ಮಣೆಯ ಮೇಲೆ ಕೂತು ಮೇಲಿನ ಪೊಟ್ಟಣಗಳನ್ನು ಎತ್ತಿ ನೋಡಿದಳು. "ನಾನು ಒಂದು ಪೊಟ್ಟಣಕ್ಕೆ ಒಂದೇ ಸಲ ಕಡ್ಡಿ ಚುಚ್ಚೋದು. ಇಲ್ನೋಡು, ಈ ನಾಲ್ಕಕ್ಕೆ ಎರಡೆರಡು ತೂತು. ಇಲಿ ಕಡ್ಡಿ ಚುಚ್ಚುತ್ತಾ?"

ನೆಂದೆನ್ ಬಕೆಟ್ಟಿನ ಹಿಡಿ ಬಿಟ್ಟಳು.

"ಬೆಳಿಗ್ಗೆಯಿಂದ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡ್ಯಾ?"

"ಉಪವಾಸ..."

"ಯಾರಿಗೆ ಕೊಡ್ತೀಯ ಈ ಸುಳ್ಳು ಉಪವಾಸದ ಲೆಕ್ಕ? ಬುಧವಾರ ನೀನು ಉಟ್ಟ ಸರೋಂಗ್ ಒಗೆದು ಕೋಣೆ ಕುರ್ಚಿ ಮೇಲೆ ಒಣ ಹಾಕಿದ್ದೆ. ಅಂಗಳದಲ್ಲಿ ಅಷ್ಟು ಬಿಸಿಲಿತ್ತು." ಓನಾಹ್ ಎದ್ದು ನಸುಕಿನ ಸಹರಿ ಊಟಕ್ಕೆ ಮಾಡಿ ಉಳಿದಿದ್ದ ಅನ್ನವನ್ನೂ ಎರಡು ತುಂಡು ಹುರಿದ ಸೋಯಾ ತೆಂಪೆಯನ್ನೂ ತಟ್ಟೆಗೆ ಹಾಕಿ ಅವಳ ಮುಂದಿಟ್ಟಳು. "ಬಾಗಿಲ ಹಿಂದೆ ಕೂತು ತಿನ್ನು. ಆ ಏರೊಹ್ ನೋಡಿದ್ರೆ ಊರಿಗೆಲ್ಲ ಡಂಗುರ."

ಮೊದಲ ತುತ್ತಿಗೇ ನೆಂದೆನ್‌ಗೆ ಅಳು ಬಂತು. ಅಳುತ್ತಲೇ ತಿಂದಳು. ಅಷ್ಟು ಹಸಿವಾಗಿತ್ತು.

"ಬುಧವಾರವೇ ಗೊತ್ತಿತ್ತಾ? ಮತ್ತೆ ಯಾಕೆ ಕೇಳ್ಲಿಲ್ಲ, ಎಮಾ?"

"ಕೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು ಕಣೇ, ಎಷ್ಟೋ ಸಲ. ನೀನಾಗೇ ಹೇಳ್ತೀಯ ಅಂತ ತಡ್ಕೊಂಡೆ." ಓನಾಹ್ ಸೊಸೆಯ ಮುಖ ನೋಡದೆ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ನನಗೇನು ಆಸೆ ಇಲ್ವಾ? ಇದೆ. ಇದ್ರೆ ಇರಲಿ."

"ಮಿಕ್ಕ ತಪೆ ಕೆಂಪಾದ್ರೆ?"

"ಆಗ್ಬಹುದು. ಆಗದೇನೂ ಇರಬಹುದು. ನನಗೂ ಭಯವೇ." ಎರಡು ತೂತಿನ ನಾಲ್ಕೂ ಪೊಟ್ಟಣಗಳನ್ನು ಪಕ್ಕಕ್ಕೆ ತೆಗೆದಿಟ್ಟು ಮುಚ್ಚಳವನ್ನು ಮತ್ತೆ ಒತ್ತಿದಳು. "ನಾಳೆ ತನಕ ಇದನ್ನ ಇಬ್ಬರೂ ಮುಟ್ಟೋದು ಬೇಡ."

ಸಂಜೆ ಉಪವಾಸ ಬಿಡುವ ಹೊತ್ತಿಗೆ ಓನಾಹ್ ಆ ನಾಲ್ಕನ್ನೂ ಒಬ್ಬಳೇ ತಿಂದಳು. ಒಂದೊಂದರ ಹುಳಿಗೂ ಒಂದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. "ಎಸೀರಿ, ಎಮಾ" ಎಂದರೆ, "ಅನ್ನ ಎಸೀತಾರಾ?" ಎಂದಳು. ಆ ರಾತ್ರಿ ನೆಂದೆನ್ ಎರಡು ಸಲ ಎದ್ದು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, ಹೊಸ್ತಿಲು ದಾಟದೆ ಹಿಂದಿರುಗಿದಳು.

ಶನಿವಾರ ಬೆಳಿಗ್ಗೆ ಗಂಡಸರು ನಮಾಜು ಮುಗಿಸಿ ಮೈದಾನದಿಂದ ಬಂದಿದ್ದರು, ಚಿಕ್ಕವರು ಹಿರಿಯರ ಕೈಹಿಡಿದು ತಪ್ಪು ಮನ್ನಿಸಿ ಎಂದು ಕೇಳಿದ್ದೂ ಆಗಿತ್ತು. ಪಡಸಾಲೆಯ ಚಾಪೆಯ ನಡುವೆ ಬಕೆಟ್ಟು. ಉವಾ ಏರೊಹ್ ಮುಚ್ಚಳಕ್ಕೆ ಉಗುರು ಹಾಕಿದಳು. ನೆಂದೆನ್ ದಾದಾನನ ಬೆನ್ನ ಹಿಂದೆ ನಿಂತು, ತನ್ನ ಕಾಲ ಬೆರಳುಗಳನ್ನೇ ನೋಡುತ್ತಿದ್ದಳು. ಮೊದಲು ಸದ್ದು ಬಂತು, ಆಮೇಲೆ ವಾಸನೆ: ಮಾಗಿದ ಹಣ್ಣಿನದು, ಸ್ವಲ್ಪ ಅಮಲಿನದು.

ಏರೊಹ್ ಒಂದು ಪೊಟ್ಟಣ ಬಿಡಿಸಿದಳು. ಹಸಿರು. ಬಾಯಿಗಿಟ್ಟು ಬಹಳ ಹೊತ್ತು ಅಗಿದಳು, ಅಗಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಸಿಹಿಯೇನೋ ಇದೆ," ಎಂದಳು. "ಇದೆಲ್ಲ ಓನಾಹ್ ಕೈವಾಡ ಇರಬೇಕು."

"ಹೆಪ್ಪು ಹಾಕಿದ್ದು ಅವಳು. ನಾನು ಬಕೆಟ್ ಎತ್ತಿಟ್ಟೆ ಅಷ್ಟೇ."

"ಹಾಗಾದ್ರೆ ರಸ ಎಲ್ಲಿ? ಬಾಮ್ಮ ಪರೀಕ್ಷೆಯವಳೇ, ನೀನೇ ಅಳೆ. ಆಮೇಲೆ ಈ ಮುದುಕಿ ಕಣ್ಣಳತೆ ಸುಳ್ಳು ಅನ್ನಬೇಡ."

ನೆಂದೆನ್ ಪೊಟ್ಟಣಗಳನ್ನು ತಟ್ಟೆಗೆ ಎತ್ತಿಟ್ಟಳು. ಬಕೆಟ್ಟನ್ನು ಎತ್ತುವಾಗ ಈ ಸಲ ಅತ್ತೆ ಅಡ್ಡ ಬರಲಿಲ್ಲ. ತಳದ ರಸವನ್ನು ಗೆರೆ ಹಾಕಿದ ಅಳತೆಯ ಪಾತ್ರೆಗೆ ಬಗ್ಗಿಸಿ, ನೆಲದ ಮೇಲಿಟ್ಟು, ಅಲುಗಾಟ ನಿಲ್ಲುವ ತನಕ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿದಳು. ಮುನ್ನೂರ ನಲವತ್ತು ಮಿಲಿಲೀಟರ್, ಒಂದು ಲೋಟ ತುಂಬಿ ಮಿಕ್ಕುವಷ್ಟು.