ವಿಕೆಟ್ ಆದಮೇಲಿನ ಚೀಟಿ

ನಮ್ಮ ನಿಘಂಟು ಕಚೇರಿಯಲ್ಲಿ ಇರುವುದು ಮೂರೇ ಮೇಜು. ಇಂಗ್ಲಿಷ್ ನಾಮಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ಮೇಷ್ಟ್ರದ್ದು ಒಂದು, ಅದನ್ನು ಟೈಪ್ ಮಾಡುವ ಅವರ ಮಗಳದ್ದು ಇನ್ನೊಂದು, ಕರಡು ತಿದ್ದುವ ನನ್ನದು ಮೂಲೆಯಲ್ಲಿ. ಒಂದು ಪದಕ್ಕೆ ಒಂದು ಚೀಟಿ. ಅದರಲ್ಲಿ ಒಂದು ಸಾಲು ಅರ್ಥ, ಕೆಳಗೆ ಒಂದು ಉದಾಹರಣೆ ವಾಕ್ಯ. ವಾಕ್ಯ ನಿಜವಾದದ್ದೇ ಆಗಿರಬೇಕೆಂದು ಮೇಷ್ಟ್ರ ಹಟ. ಬೆಕ್ಕು ಹಾಲು ಕುಡಿಯಿತು ಎಂದು ಬರೆದರೆ, ಯಾರ ಮನೆಯ ಬೆಕ್ಕು ಎಂದು ಜೀವ ಹಿಂಡುತ್ತಿದ್ದರು.

ಅವರ ಅಳಿಯ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಅದಾಗಿ ಎಂಟು ತಿಂಗಳಾದರೂ ಮಗಳ ಎದುರು ಯಾರೂ ಅವನ ಸುದ್ದಿ ಎತ್ತಿರಲಿಲ್ಲ. ಮೇಷ್ಟ್ರು ಅವನ ಫೋಟೋವನ್ನು ಬೀರುವಿನೊಳಗೆ ಸೇರಿಸಿದ್ದರು. ನಾನೇನು ಕಡಿಮೆಯೇ? ಕಚೇರಿಯ ಲಿಫ್ಟ್ ಕೆಟ್ಟಾಗಲೂ ತುಟಿಪಿಟಕ್ಕೆನ್ನದೆ ಮೆಟ್ಟಿಲು ಹತ್ತಿದೆ. ಅವಳಾಗಿಯೇ ಅವನ ಮಾತು ತೆಗೆದರೆ ಕಾಫಿ ತರಲು ಏಳುತ್ತಿದ್ದೆ. ಬರಬರುತ್ತಾ ಅವಳು ಮಾತನ್ನೇ ಬಿಟ್ಟಳು. ನಾವು ಅದನ್ನು ಸಮಾಧಾನ ಎಂದುಕೊಂಡೆವು. ಎಂಥ ಮೊದ್ದುಗಳು ನಾವು!

ಆ ವಾರ ಡಬ್ಲ್ಯು-ಐ ಎಂದು ಶುರುವಾಗುವ ಪದಗಳ ಸರದಿ. ವಿಕ್ ಎಂದರೆ ದೀಪದ ಬತ್ತಿ, ವಿಕೆಟ್ ಎಂದರೆ ಕ್ರಿಕೆಟ್ಟಿನ ಮೂರು ಗೂಟ, ವಿಡ್ತ್ ಎಂದರೆ ಅಗಲ, ವೈಫ್ ಎಂದರೆ ಹೆಂಡತಿ, ವಿಗ್ ಎಂದರೆ ಕೃತಕ ಕೂದಲು. ಮಗಳು ಪದಪಟ್ಟಿಯಲ್ಲಿ ಒಂದೊಂದಕ್ಕೇ ಗುರುತು ಹಾಕುತ್ತಿದ್ದವಳು ನಿಲ್ಲಿಸಿದಳು.

"ಅಪ್ಪಾ, ವಿಕೆಟ್ ಆದ್ಮೇಲೆ ಒಂದು ಚೀಟಿ ಇಲ್ಲ."

"ಯಾವುದಮ್ಮಾ?"

"ವಿಡೋ."

ಮೇಷ್ಟ್ರು ತಲೆ ಎತ್ತಲಿಲ್ಲ. "ಇದು ಮಕ್ಕಳ ನಿಘಂಟು ಕಣಮ್ಮಾ. ಎಲ್ಲಾ ಪದ ಯಾಕೆ?"

"ವಿಗ್ ಬೇಕು, ಇದು ಬೇಡ್ವಾ? ಬೋಳುತಲೆಯವರಿಗೆ ಇರೋ ಜಾಗ ನನಗಿಲ್ವಾ?"

ನಾನು ಎದ್ದೆ.

"ಅಕ್ಕಾ, ಕೂತ್ಕೊಳ್ಳಿ. ಕಾಫಿ ಬೇಡ."

ಕೂತೆ. ಅವಳು ಖಾಲಿ ಚೀಟಿಯೊಂದರಲ್ಲಿ ಬರೆದು ಅಪ್ಪನ ಮುಂದಿಟ್ಟಳು. ನಾನು ಕತ್ತು ಚಾಚಿ ಓದಿದೆ. ಅರ್ಥ: ಗಂಡ ತೀರಿಹೋದ ಹೆಂಗಸು. ವಾಕ್ಯ: ಆ ವಿಧವೆಯ ಎದುರು ಅವಳ ಗಂಡನ ಮಾತನ್ನು ಯಾರೂ ಎತ್ತುವುದಿಲ್ಲ.

"ವಾಕ್ಯ ನಿಜವಾಗಿದ್ಯಾ, ನೋಡಿ."

ಮೇಷ್ಟ್ರು ಎರಡು ಸಲ ಓದಿದರು. ಕನ್ನಡಕ ತೆಗೆದಾಗ ಕಣ್ಣು ತುಂಬಿತ್ತು. "ನಿನಗೆ ನೋವಾಗುತ್ತೆ ಅಂತ..."

"ಆಗುತ್ತೆ. ಆದ್ರೆ ನೀವ್ಯಾರೂ ಮಾತಾಡದೇ ಇದ್ರೆ, ಅವರು ಬದುಕಿದ್ದದ್ದು ನನ್ನೊಬ್ಬಳಿಗೇ ಗೊತ್ತೇನೋ ಅನ್ಸುತ್ತೆ ಅಪ್ಪಾ."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮೇಷ್ಟ್ರು ಪೆನ್ನು ತೆಗೆದು ಆ ವಾಕ್ಯದ ಮೇಲೆ ಅಡ್ಡಗೆರೆ ಎಳೆದರು.

"ನಿನ್ನ ಗಂಡ ನನ್ನನ್ನ ಮೊದಲ ಸಲ ನೋಡೋಕೆ ಬಂದಾಗ ಏನಾಯ್ತು ಗೊತ್ತಾ? ನಮ್ಮನೆ ಬಾಗಿಲು ಕಿರ್ ಅಂತಿತ್ತಲ್ಲ, ಅಲ್ಲೇ ಕೂತು ಅದಕ್ಕೆ ಎಣ್ಣೆ ಬಿಡ್ತಿದ್ದ. ನಿನ್ನ ಅಮ್ಮ ಕರೆಸಿರೋ ಬಡಗಿ ಅಂದ್ಕೊಂಡು, ಕಿಟಕೀನೂ ನೋಡಪ್ಪಾ ಅಂದೆ. ಒಂದು ಮಾತಾಡದೆ ನಾಲ್ಕೂ ಕಿಟಕಿ ಸರಿಮಾಡಿ ಎದ್ದುಹೋದ. ಮಾರನೇ ದಿನ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು, ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದೀನಿ ಅಂದ!"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. "ಇದನ್ನ ಅವರು ನನಗೆ ಹೇಳೇ ಇರ್ಲಿಲ್ಲ."

"ಮಾವನ ಮರ್ಯಾದೆ ಹೋಗುತ್ತೆ, ಹೇಳಲ್ಲ ಅಂದಿದ್ದ."

ಅವಳು ನಕ್ಕಳು. ನಗುತ್ತಲೇ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು, ಕುರ್ಚಿಯನ್ನು ಅಪ್ಪನ ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದು ಹೇಳಿ ಅಪ್ಪಾ. ನನಗೆ ಗೊತ್ತಿಲ್ಲದ್ದು."